ಅಪ್‌ಡೇಟ್: ನಮ್ಮ ಯಜಮಾನರ ರಿಸ್ಪೆರಿಡೋನ್ ವಿಷಯ

ಸಂಜೆಯಾದರೆ ರೇಗಾಡುವ ನಮ್ಮ ಯಜಮಾನರಿಗೆ ರಿಸ್ಪೆರಿಡೋನ್ (ರೇಗಾಟ ತಗ್ಗಿಸಲು ಕೊಡುವ ಮನೋರೋಗದ ಮಾತ್ರೆ) ಶುರುವಾದ ಮೇಲೆ ಕೈಕಾಲು ಬಿಗಿಯಾಗಿ ಜೊಲ್ಲು ಸುರಿಯುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ನರರೋಗ ತಜ್ಞರಿಗೆ ತೋರಿಸಿದೆವು. ಇಲ್ಲದ ಮಕ್ಕಳು ಕಾಣುವುದು, ಒಂದು ದಿನ ಚುರುಕು, ಮರುದಿನ ಮಂಕು, ಇದೆಲ್ಲ ಕೇಳಿ ಲೂಯಿ ಬಾಡಿ ಡಿಮೆನ್ಶಿಯಾ (ಮರೆವಿನ ಕಾಯಿಲೆಯ ಒಂದು ಬಗೆ) ಇರಬಹುದು ಎಂದರು. ಅದರಲ್ಲಿ ಇಂಥ ಮಾತ್ರೆಗಳು ಮೈಯನ್ನೇ ಬಿಗಿ ಮಾಡಿಬಿಡಬಹುದಂತೆ. ಅದೇ ಗುಂಪಿನ ಹ್ಯಾಲೊಪೆರಿಡಾಲ್ ಅಂತೂ ಬೇಡವೇ ಬೇಡ ಅಂತ ಫೈಲಿನ ಮೇಲೆ ಕೆಂಪಕ್ಷರದಲ್ಲಿ ಬರೆದುಕೊಟ್ಟರು.

ಡೋಸ್ ಇಳಿಸುತ್ತಾ ರಿಸ್ಪೆರಿಡೋನ್ ನಿಲ್ಲಿಸಿ, ಮರೆವಿನ ಕಾಯಿಲೆಗೆ ಚರ್ಮದ ಮೇಲೆ ಅಂಟಿಸುವ ರಿವಾಸ್ಟಿಗ್ಮಿನ್ ಪ್ಯಾಚ್ ಕೊಟ್ಟಿದ್ದಾರೆ. ಜೊಲ್ಲು ನಿಂತಿದೆ. ಕಾಫಿ ಲೋಟ ತಾವೇ ಹಿಡಿಯುತ್ತಾರೆ. ಮಲಬದ್ಧತೆಗೂ ಔಷಧಿ ಸಿಕ್ಕಿತು. ಅರ್ಧ ರೇಗಾಟ ಆ ಮಲಬದ್ಧತೆಯದ್ದೇ ಇತ್ತು ಅನಿಸುತ್ತೆ. ಪ್ಯಾಚ್ ಹಾಕಿದ ಜಾಗ ಕೆಂಪಾಗುವುದರಿಂದ ದಿನಾ ಹಳೆಯದನ್ನು ಕಿತ್ತು ಹೊಸದನ್ನು ಬೇರೆ ಕಡೆ ಅಂಟಿಸುತ್ತೇನೆ. ರಾತ್ರಿ ಓಡಾಟ ಮಾತ್ರ ಇನ್ನೂ ಇದೆ.