ತುಪ್ಪ ಕೈಚೀಲದಲ್ಲಿ ಒಯ್ಯಬಹುದಾ? ಈ ಬಾಂಬ್ ಬೆದರಿಕೆಗಳು ನಿಜಾನಾ? ಅನುಭವ ಹೇಳಿ

ವಿದ್ಯಾನಗರ, ದಾವಣಗೆರೆ: ಮುಂದಿನ ತಿಂಗಳು ಅಪ್ಪ ಅಮ್ಮ ಬೆಂಗಳೂರಿನಿಂದ ದುಬೈಗೆ, ಅಣ್ಣನ ಮನೆಗೆ ಹೊರಟಿದ್ದಾರೆ. ಟಿವಿಯಲ್ಲಿ ಬೆದರಿಕೆ ಸುದ್ದಿ ನೋಡಿ ಅಮ್ಮ ಹೆದರಿದ್ದಾರೆ. ತುಪ್ಪ, ಶೇಂಗಾ ಚಟ್ನಿಪುಡಿ ಕೈಯಲ್ಲೇ ಒಯ್ತೀನಿ ಅಂತಾರೆ. ಬಿಡ್ತಾರಾ?

ಹರಿಹರ: ನನ್ನ ಹೊಟ್ಟೆ ಇನ್ನೂ ಉರೀತಿದೆ. ಬೆಣ್ಣೆಗೆ 1,300 ರೂಪಾಯಿ, ತಿರುಪಿನ ಮುಚ್ಚಳದ ಸ್ಟೀಲ್ ಡಬ್ಬಿಗೆ 380. ನಮ್ಮತ್ತೆ ವೀಳ್ಯದೆಲೆ ಹಾಕಿ ಕಾಯಿಸಿ, ಗಸಿ ಸೋಸಿ, ಡಬ್ಬಿಗೆ ಬಟ್ಟೆ ಸುತ್ತಿ ಕೊಟ್ಟಿದ್ದರು. ಚೆಕ್ಕಿಂಗಿನಲ್ಲಿ ‘100 ಎಂಎಲ್‌ಗಿಂತ ಜಾಸ್ತಿ ಇದೆ, ಬಿಡಿ’ ಅಂದರು. ದೊಡ್ಡ ಬ್ಯಾಗ್ ಆಗಲೇ ಒಳಗೆ ಹೋಗಿತ್ತು. ಡಬ್ಬಿ ಸಮೇತ ಬುಟ್ಟಿಗೆ ಹಾಕಿಸಿದರು. ತುಪ್ಪದ ಡಬ್ಬಿಯಲ್ಲಿ ಯಾವನು ಬಾಂಬ್ ತರ್ತಾನೆ ರೀ? ಎಲ್ಲ ಬರೀ ತೋರಿಕೆ.

ಚಿತ್ರದುರ್ಗ, ನಿವೃತ್ತ: ತೋರಿಕೆ ಅನ್ನಬೇಡಿ ಸರ್. ನನ್ನ ಸರ್ವಿಸ್ ಕಳೆದಿದ್ದೇ ಏರ್‌ಪೋರ್ಟ್ ಕಾವಲಿನಲ್ಲಿ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಸಿಕ್ಕಿಬಿದ್ದವರು ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲೇ ಸ್ಫೋಟಕ ಒಯ್ಯೋಕೆ ಹೊರಟಿದ್ದರು. ನಿಮ್ಮ 100 ಎಂಎಲ್ ಲೆಕ್ಕ ಬಂದಿದ್ದು ಅಲ್ಲಿಂದ. 1985ರಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನ ಸಮುದ್ರದ ಮೇಲೆ ಸಿಡಿದು 329 ಜನ ಹೋದರು. ಬಾಂಬ್ ಇದ್ದ ಸೂಟ್‌ಕೇಸ್ ಚೆಕ್ ಇನ್ ಮಾಡಿದವನು ವಿಮಾನ ಹತ್ತಿರಲೇ ಇಲ್ಲ. ಈಗ ಹಾಗಾದರೆ ಅವನ ಬ್ಯಾಗ್ ಹುಡುಕಿ ಕೆಳಗಿಳಿಸ್ತಾರೆ. ತಡ ಆಯ್ತು ಅಂತ ಜನ ನಮಗೇ ಬೈತಿದ್ದರು. ಆದರೂ ಒಂದು ಬ್ಯಾಗನ್ನೂ ನಾನು ಸುಮ್ನೆ ಬಿಟ್ಟವನಲ್ಲ.

ಜಗಳೂರು: 2024ರ ಅಕ್ಟೋಬರಿನಲ್ಲಿ ನೂರಾರು ಹುಸಿ ಬೆದರಿಕೆ ಬಂದವಲ್ಲ, ಅದರಲ್ಲಿ ನಮ್ಮದೂ ಒಂದು. ಎಲ್ಲರನ್ನೂ ಇಳಿಸಿ, ಬ್ಯಾಗ್ ಮತ್ತೆ ಸ್ಕ್ಯಾನ್ ಮಾಡಿದರು. ಮುಂದಿನ ವಿಮಾನ ತಪ್ಪಿತು. ಹೊಸ ಟಿಕೆಟ್ 18,400, ಲಾಡ್ಜಿಗೆ 3,200, ಮೂರು ಜನರ ಊಟಕ್ಕೆ 1,150. ಯಾರೋ ಮೊಬೈಲ್ ಒತ್ತಿದ್ದಕ್ಕೆ ನಾವು ದಂಡ ಕಟ್ಟಬೇಕಾ? ಅಮ್ಮನಿಗೆ ಹೇಳಿ, ಬಾಂಬ್ ಇಡೋನು ಫೋನ್ ಮಾಡಿ ಹೇಳಲ್ಲ.

ಚಿತ್ರದುರ್ಗ, ನಿವೃತ್ತ: ಹಾಗಂತ ತಳ್ಳಿಹಾಕೋಕೆ ಬರಲ್ಲ. ಪ್ರತಿ ಬೆದರಿಕೆಗೂ ಒಂದು ಸಮಿತಿ ಕೂತು, ಯಾವ ವಿಮಾನ, ಯಾವ ಹೊತ್ತು ಅಂತ ಖಚಿತವಾಗಿ ಇದೆಯಾ ನೋಡುತ್ತೆ. ಅದರ ಮೇಲೆ ಮುಂದಿನ ಕ್ರಮ.

ಹರಿಹರ: ಸಮಿತಿ ನನ್ನ ತುಪ್ಪ ವಾಪಸ್ ಕೊಡುತ್ತಾ?

ಹೊಸದುರ್ಗ: ತುಪ್ಪ ಬಿಡಿ, ನನ್ನ ಒಣ ಕೊಬ್ಬರಿ ತೆಗೆಸಿದರು! ನಮ್ಮದೇ ತೋಟದ್ದು, ಒಂದೊಂದೂ ಆರಿಸಿ ಇಟ್ಟಿದ್ದೆ. ಕೊಬ್ಬರಿ ಸಿಡಿಯುತ್ತಾ?

ಚಿತ್ರದುರ್ಗ, ನಿವೃತ್ತ: ಸಿಡಿಯಲ್ಲ, ಹೊತ್ತಿಕೊಳ್ಳುತ್ತೆ. ಎಣ್ಣೆ ಜಾಸ್ತಿ ಇರೋದರಿಂದ ತಾನಾಗೇ ಬಿಸಿಯಾಗುತ್ತೆ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು ಅನ್ನೋದೂ ಬೆಂಕಿ ಭಯಕ್ಕೇ. ಸೀಟಿನ ಹತ್ತಿರ ಹೊಗೆ ಬಂದರೆ ಆರಿಸಬಹುದು, ಕೆಳಗಿನ ಸಾಮಾನಿನ ಕೋಣೆಯಲ್ಲಿ ಯಾರು ನೋಡ್ತಾರೆ?

ಹೊಸದುರ್ಗ: ಅಜ್ಜನ ಕಾಲದಿಂದ ಅಟ್ಟದ ಮೇಲೆ ಕೊಬ್ಬರಿ ಇಟ್ಟಿದ್ದೀವಿ. ಒಂದಿನ ಹೊತ್ತಿಲ್ಲ. ನಮಗೆ ಕೊಬ್ಬರಿ ಪಾಠ ಬೇಡ.

ಜಗಳೂರು: ಬಾಂಬಿನ ಚಿಂತೆ ಬಿಡಿ. ದಾವಣಗೆರೆಯಿಂದ ರಾತ್ರಿ ಕಾರಿನಲ್ಲಿ ಹೊರಡಬೇಡಿ. ಹಿರಿಯೂರು ದಾಟೋ ಹೊತ್ತಿಗೆ ಡ್ರೈವರ್ ತೂಕಡಿಸ್ತಾನೆ. ಬಸ್ಸೇ ಸರಿ.

ಹರಿಹರ: ವಯಸ್ಸಾದವರು ಸೂಟ್‌ಕೇಸ್ ಹೊತ್ತು ಬಸ್ ಬದಲಾಯಿಸ್ತಾರಾ? 6,500 ಕೊಟ್ಟು ಕಾರಿನಲ್ಲೇ ಹೋದೆ, ಆರಾಮಾಗಿ.

ಜಗಳೂರು: ದುಡ್ಡಿದ್ದವರ ಮಾತು ಬೇರೆ. ನಾನು ಹೇಳಿದ್ದು ಜೀವದ ವಿಷಯ.