ಎಸ್‌ಆರ್‌ಟಿಯಿಂದ ಆರ್‌ಟಿಎಂಪಿಗೆ ಬದಲಿಸಿದರೆ ಧ್ವನಿ ಮಾತ್ರ ಬರುತ್ತದೆ, ಚಿತ್ರ ಕಪ್ಪು

ಕೋಟೆ ಕ್ಯಾಮೆರಾ, ಚಿತ್ರದುರ್ಗ

ನಾಯಕನಹಟ್ಟಿ ತೇರಿನ ಲೈವ್‌ಗೆ ತಯಾರಿ ನಡೆದಿದೆ. ಒಂದು ಕ್ಯಾಮೆರಾ, ಎರಡು ಫೋನ್. ಮಿಕ್ಸಿಂಗ್ ಎಲ್ಲ ಮುಂಬೈ ರೀಜನ್‌ನ ಕ್ಲೌಡ್ ಮಷೀನ್‌ನಲ್ಲಿ, ಒಬಿಎಸ್ ಎಂಬ ಲೈವ್ ಮಿಕ್ಸಿಂಗ್ ಸಾಫ್ಟ್‌ವೇರ್ ಮೇಲೆ. ಎಸ್‌ಆರ್‌ಟಿ, ಆರ್‌ಟಿಎಂಪಿ ಎರಡೂ ಇಂಟರ್‌ನೆಟ್‌ನಲ್ಲಿ ಲೈವ್ ವಿಡಿಯೋ ಕಳಿಸುವ ವಿಧಾನಗಳು.

ಕ್ಯಾಮೆರಾದ ಎನ್‌ಕೋಡರ್ (ವಿಡಿಯೋ ಕುಗ್ಗಿಸುವ ಸಾಧನ) ಎಸ್‌ಆರ್‌ಟಿ ಕಳಿಸುತ್ತದೆ: 1080ಪಿ, ಸೆಕೆಂಡಿಗೆ 50 ಫ್ರೇಮ್, ಎಚ್.265 (ವಿಡಿಯೋ ಕುಗ್ಗಿಸುವ ಮಾದರಿ), 4 ಎಂಬಿಪಿಎಸ್. ಅದನ್ನು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ಕಾಪಿ ಹಾಕಿ ಆರ್‌ಟಿಎಂಪಿ ಸರ್ವರ್‌ಗೆ ಕೊಡುತ್ತೇವೆ. ಅಲ್ಲಿಂದ ಒಬಿಎಸ್‌ಗೆ. ಧ್ವನಿ ಸರಿ ಇದೆ, ಚಿತ್ರ ಕಪ್ಪು. ಕಾಪಿ ಬಿಟ್ಟು ಹಳೆಯ ಮಾದರಿಯಾದ ಎಚ್.264 ಮಾಡಿದರೆ ಚಿತ್ರ ಬರುತ್ತದೆ. ಆದರೆ ಆಗಾಗ ಚೌಕ ಚೌಕವಾಗಿ ಒಡೆಯುತ್ತದೆ, ಸಿಪಿಯು ಬಳಕೆ ಕೂಡ ಶೇ. 90 ದಾಟುತ್ತದೆ. ಎಸ್‌ಆರ್‌ಟಿ ಲೇಟೆನ್ಸಿ (ಕಳೆದ ಡೇಟಾ ತುಣುಕು ಮತ್ತೆ ಬರಲು ಕಾಯುವ ಸಮಯ) 200 ಕೊಟ್ಟಿದ್ದೇನೆ. ಊರಿಗೆ ಬರಲಾಗದ ಹಿರಿಯರು ಇದನ್ನೇ ಕಾಯುತ್ತಿರುತ್ತಾರೆ. ದಯವಿಟ್ಟು ನೋಡಿ ಹೇಳಿ.

ಬೆಣ್ಣೆ ನಗರಿ, ದಾವಣಗೆರೆ

ಇಲ್ಲಿ ಎರಡು ತೊಂದರೆ ಸೇರಿಕೊಂಡಿವೆ. ಬೇರೆ ಬೇರೆಯಾಗಿ ನೋಡೋಣ.

ಕಾಪಿ ಅಂದರೆ ಮಂಡಕ್ಕಿಯನ್ನು ಒಂದು ಪೊಟ್ಟಣದಿಂದ ಇನ್ನೊಂದಕ್ಕೆ ಸುರಿದಂತೆ. ಒಳಗಿನದು ಬದಲಾಗುವುದಿಲ್ಲ. ಹಳೆಯ ಆರ್‌ಟಿಎಂಪಿ ಪೊಟ್ಟಣದಲ್ಲಿ ಎಚ್.265ಗೆ ಜಾಗವೇ ಇರಲಿಲ್ಲ. 2023ರಲ್ಲಿ ಬಂದ ಎನ್‌ಹಾನ್ಸ್ಡ್ ಆರ್‌ಟಿಎಂಪಿಯಲ್ಲಿ ಇದೆ. ಆದರೆ ಕಳಿಸುವವರು, ಪಡೆಯುವವರು ಇಬ್ಬರಿಗೂ ಅದು ಗೊತ್ತಿರಬೇಕು. ನಿಮ್ಮ ಸರ್ವರ್‌ಗೆ ಗೊತ್ತಿಲ್ಲ ಅನ್ನಿಸುತ್ತದೆ. ಎಚ್.264ಗೆ ಬದಲಿಸುವುದು ಮಂಡಕ್ಕಿಗೆ ಮತ್ತೆ ಒಗ್ಗರಣೆ ಹಾಕಿದಂತೆ. ಒಲೆ ಉರಿಯಲೇಬೇಕು, ಅದಕ್ಕೇ ಸಿಪಿಯು ಏರಿದ್ದು.

ನನ್ನ ಪ್ರಶ್ನೆ ಇಷ್ಟೇ: ನಡುವೆ ಆರ್‌ಟಿಎಂಪಿ ಯಾಕೆ ಬೇಕು? ಒಬಿಎಸ್‌ನ ಮೀಡಿಯಾ ಸೋರ್ಸ್ ಎಸ್‌ಆರ್‌ಟಿಯನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಲೋಕಲ್ ಫೈಲ್ ಟಿಕ್ ತೆಗೆದು, ವಿಳಾಸದಲ್ಲಿ ಮೋಡ್ ಲಿಸನರ್ (ಕ್ಯಾಮೆರಾದ ಕರೆಗೆ ಕಾಯುವುದು) ಅಂತ ಕೊಡಿ. ಒಂದೊಂದು ಕ್ಯಾಮೆರಾಗೆ ಒಂದೊಂದು ಪೋರ್ಟ್. ಕ್ಲೌಡ್ ಫೈರ್‌ವಾಲ್‌ನಲ್ಲಿ ಆ ಪೋರ್ಟ್‌ಗಳನ್ನು ಯುಡಿಪಿಗೆ ತೆರೆಯಿರಿ, ಟಿಸಿಪಿಗೆ ಅಲ್ಲ. ಆರ್‌ಟಿಎಂಪಿ ಕೊನೆಯಲ್ಲಿ ಯೂಟ್ಯೂಬ್‌ಗೆ ಕಳಿಸುವಾಗ ಮಾತ್ರ ಸಾಕು.

ಇನ್ನು ಚಿತ್ರ ಒಡೆಯುವುದು. ಆ 200 ಎಲ್ಲಿ ಬರೆದಿರಿ? ಎಫ್‌ಎಫ್‌ಎಂಪೆಗ್ ವಿಳಾಸದಲ್ಲಾದರೆ ಅದು ಮಿಲಿಸೆಕೆಂಡ್ ಅಲ್ಲ, ಮೈಕ್ರೋಸೆಕೆಂಡ್. ಅಂದರೆ 0.2 ಮಿಲಿಸೆಕೆಂಡ್! ಒಬಿಎಸ್‌ನಲ್ಲೂ ಇದೇ ಲೆಕ್ಕ. ಎಸ್‌ಆರ್‌ಟಿ ಎರಡೂ ಕಡೆಯ ಲೇಟೆನ್ಸಿಯಲ್ಲಿ ದೊಡ್ಡದನ್ನು ಹಿಡಿಯುತ್ತದೆ. ಎನ್‌ಕೋಡರ್‌ನಲ್ಲಿ ನೀವು ಮುಟ್ಟಿರದಿದ್ದರೆ ಅದು ಸಾಮಾನ್ಯವಾಗಿ 120 ಮಿಲಿಸೆಕೆಂಡ್. ಕಳೆದುಹೋದ ಪ್ಯಾಕೆಟ್ ಕೇಳಿ ಮತ್ತೆ ತರಿಸಿಕೊಳ್ಳಲು ಮೊಬೈಲ್ ನೆಟ್‌ವರ್ಕ್‌ನಲ್ಲಿ ಅಷ್ಟು ಹೊತ್ತು ಸಾಲದು. ಮುಂಬೈಗೆ ಹೋಗಿಬರುವ ಸಮಯ, ಅಂದರೆ ಪಿಂಗ್, ಎಷ್ಟಿದೆಯೋ ಅದರ 4 ಪಟ್ಟು ಕೊಡಿ. ಪಿಂಗ್ 90 ಮಿಲಿಸೆಕೆಂಡ್ ಇದ್ದರೆ 360 ಮಿಲಿಸೆಕೆಂಡ್. ತೇರಿನ ದಿನ ಟವರ್ ಮೇಲೆ ಜನರ ಹೊರೆ ಇರುತ್ತದೆ ಅಲ್ವಾ? ನಾನಾದರೆ 1 ಸೆಕೆಂಡ್ ಇಡುತ್ತೇನೆ, ಅಂದರೆ ವಿಳಾಸದಲ್ಲಿ 1000000.

ಕೋಟೆ ಕ್ಯಾಮೆರಾ

ಎಫ್‌ಎಫ್‌ಎಂಪೆಗ್ ವಿಳಾಸದಲ್ಲೇ ಬರೆದಿದ್ದೆ. ಆರ್‌ಟಿಎಂಪಿ ತೆಗೆದು 1000000 ಕೊಟ್ಟೆ. ಅರ್ಧ ಗಂಟೆ ಓಡಿಸಿದರೂ ಒಂದು ಚೌಕ ಇಲ್ಲ, ಸಿಪಿಯು ಕೂಡ ಇಳಿದಿದೆ. ತುಂಬಾ ಥ್ಯಾಂಕ್ಸ್! ಈಗ ಫೋನ್‌ಗಳ ಚಿತ್ರ ಮಾತ್ರ ಕ್ಯಾಮೆರಾಗಿಂತ ಹಿಂದೆ ಮುಂದೆ ಆಗುತ್ತಿದೆ, ಪ್ಯಾನ್ ಮಾಡಿದರೆ ಜಗ್ಗಿದಂತೆ ಕಾಣುತ್ತದೆ. ಫೋನ್ 30 ಫ್ರೇಮ್, ಇನ್ನೂ ಆರ್‌ಟಿಎಂಪಿಯಲ್ಲೇ ಇದೆ.

ಬೆಣ್ಣೆ ನಗರಿ

ಫೋನ್‌ಗಳನ್ನೂ ಎಸ್‌ಆರ್‌ಟಿಗೆ ತನ್ನಿ, ಮೂರಕ್ಕೂ ಒಂದೇ ಲೇಟೆನ್ಸಿ ಕೊಡಿ. ಆಗ ಹೆಚ್ಚುಕಮ್ಮಿ ಒಟ್ಟಿಗೆ ಬರುತ್ತವೆ. ಉಳಿದ ಚೂರು ವ್ಯತ್ಯಾಸಕ್ಕೆ ಒಬಿಎಸ್‌ನಲ್ಲಿ ವಿಡಿಯೋ ಡಿಲೇ ಫಿಲ್ಟರ್ ಇದೆ. ಒಬ್ಬರು ಚಪ್ಪಾಳೆ ತಟ್ಟಲಿ, ಮೂರರಲ್ಲೂ ನೋಡಿ ಹೊಂದಿಸಿ.

ಜಗ್ಗುವುದು 30 ಮತ್ತು 50 ಬೆರೆತದ್ದಕ್ಕೆ. ಕ್ಯಾಮೆರಾ, ಫೋನ್, ಒಬಿಎಸ್ ಎಲ್ಲ 25 ಮಾಡಿ. ಕಬಡ್ಡಿಗೆ 50 ಬೇಕು ಅಂತ ನಾನೇ ಹಠ ಹಿಡಿಯುತ್ತೇನೆ. ತೇರು ನಿಧಾನಕ್ಕೆ ಸಾಗುತ್ತದೆ. ಬಾವುಟ, ಹೂವು, ಸಾವಿರಾರು ತಲೆ, ಇವೇ ಬಿಟ್‌ರೇಟ್ ಜಾಸ್ತಿ ತಿನ್ನುವುದು. ಫ್ರೇಮ್ ಇಳಿಸಿ ಉಳಿಸಿದ ಬಿಟ್ ಅಲ್ಲಿಗೆ ಹೋಗಲಿ.

ಕೋಟೆ ಕ್ಯಾಮೆರಾ

ಮೂರೂ 25 ಮಾಡಿ ಚಪ್ಪಾಳೆ ಹೊಂದಿಸಿದೆವು. ನಾಳೆ ಸಂಜೆ ದೇವಸ್ಥಾನದ ಮುಂದಿನಿಂದಲೇ ಒಮ್ಮೆ ಕಳಿಸಿ ನೋಡುತ್ತೇವೆ. ಪಿಂಗ್ ಬರೆದುಕೊಂಡು ಬಂದು ಇಲ್ಲೇ ಹಾಕುತ್ತೇನೆ.