ಮಾರುತಿ 800ರ ಮುಂದಿನ ಮಡ್‌ಗಾರ್ಡ್ ಬಿಚ್ಚಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಸಮೀಪದ ನಮ್ಮ ಮನೆಯಲ್ಲಿರುವ ಹಳೆಯ ಮಾರುತಿ 800 ಕಾರಿನ ಎಡಗಡೆಯ ಮುಂದಿನ ಮಡ್‌ಗಾರ್ಡನ್ನು ಬಿಚ್ಚಿ, ತುಕ್ಕು ಉಜ್ಜಿ, ಹೊಸದಾಗಿ ಬಣ್ಣ ಹೊಡೆಯಬೇಕೆಂದಿದ್ದೇನೆ. ಬಂಪರ್ ತೆಗೆದಾಗಿದೆ, ಬಾನೆಟ್ ಅಂಚಿನ ಬೋಲ್ಟ್‌ಗಳು 10ರ ಸ್ಪ್ಯಾನರಿಗೆ ಸುಲಭವಾಗಿ ಬಿಟ್ಟುಕೊಂಡವು. ಆದರೆ ಬಾಗಿಲಿನ ಕೀಲಿನ ಬಳಿಯ ಬೋಲ್ಟ್ ಮತ್ತು ಕೆಳಗೆ ಚಕ್ರದ ಹಿಂದೆ ಕೆಸರು ನಿಲ್ಲುವ ಜಾಗದಲ್ಲಿರುವ ಬೋಲ್ಟ್, ಇಲ್ಲಿನ ಮಳೆಗೆ ವರ್ಷವರ್ಷವೂ ನೆನೆದು ತುಕ್ಕು ಹಿಡಿದಿರುವುದರಿಂದ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟರೂ ಅಲುಗಾಡುತ್ತಿಲ್ಲ. ಬಲ ಹಾಕಿದರೆ ಬೋಲ್ಟಿನ ತಲೆ ಮುರಿಯಬಹುದು, ಇಲ್ಲವೇ ಬಾಡಿಯ ತಗಡಿಗೆ ಬೆಸೆದ ನಟ್ ಕಿತ್ತು ಬೋಲ್ಟಿನೊಂದಿಗೇ ಸುತ್ತತೊಡಗಬಹುದು. ಪಕ್ಕದಲ್ಲೇ ವೈರುಗಳಿರುವಾಗ ಬೆಂಕಿಯಲ್ಲಿ ಕಾಯಿಸುವುದು ನನಗೇನೋ ಸರಿಕಾಣುವುದಿಲ್ಲ.

ಬೋಲ್ಟಿನ ತಲೆಯನ್ನು ಡ್ರಿಲ್ ಮಾಡಿ ತೆಗೆಯುವುದೇ ಮೇಲೋ, ಅಥವಾ ಇಂಪ್ಯಾಕ್ಟ್ ಡ್ರೈವರ್‌ನಿಂದ (ಏಟು ಕೊಡುತ್ತಾ ತಿರುಗಿಸುವ ಉಪಕರಣ) ಸಡಿಲವಾದೀತೋ? ಮತ್ತೆ ಜೋಡಿಸುವಾಗ ಬಾಗಿಲಿನ ಸಂದು ಹೆಚ್ಚುಕಡಿಮೆಯಾಗದಂತೆ ಹಳೆಯ ಬೋಲ್ಟ್‌ಗಳ ಸುತ್ತ ಗುರುತು ಹಾಕಿಟ್ಟಿದ್ದೇನೆ, ಅಷ್ಟು ಸಾಕೇ? ತೇವದ ಗಾಳಿಯಲ್ಲಿ ಹೊಡೆದ ಬಣ್ಣ ಬೆಳ್ಳಗೆ ಮಂಕಾಗುವುದರಿಂದ ಬಣ್ಣದ ಕೆಲಸವನ್ನು ಬಿಸಿಲು ಬಂದ ಮೇಲೆಯೇ ಮಾಡುತ್ತೇನೆ. ಸದ್ಯಕ್ಕೆ ಬೇಕಿರುವುದು ಈ ಎರಡು ಬೋಲ್ಟ್‌ಗಳ ವಿಷಯದಲ್ಲಿ, ಸ್ವತಃ ಬಿಚ್ಚಿದ ಅನುಭವವಿರುವವರ ಸಲಹೆ.